ತಾಮ್ರದ ಬಳೆಯೊಂದನ್ನು ನಾವೇ ಯಾಕೆ ಮಾಡಬಾರದು?

ಮಿನಿ ಪ್ರಾಜೆಕ್ಟ್ ಲಿಸ್ಟ್ ನೋಟಿಸ್ ಬೋರ್ಡಿಗೆ ಬಂದಾಗ ಒಮ್ಮೆ ನಿಂತು ಪೂರ್ತಿ ಓದಿ ನೋಡಿ. ಸ್ಮಾರ್ಟ್ ಡಸ್ಟ್‌ಬಿನ್, ಲೈನ್ ಫಾಲೋವರ್, ಗಿಡಕ್ಕೆ ತಾನೇ ನೀರು ಹಾಕುವ ಸಿಸ್ಟಂ, ಮುಖ ನೋಡಿ ಹಾಜರಿ ಹಾಕುವ ಕ್ಯಾಮೆರಾ. ಹೋದ ವರ್ಷ ಇದ್ದದ್ದೂ ಇವೇ, ಅದರ ಹಿಂದಿನ ವರ್ಷ ಇದ್ದದ್ದೂ ಇವೇ. ಬೋರ್ಡ್ ತರಿಸಿ, ಸೆನ್ಸರ್ ಚುಚ್ಚಿ, ಕೋಡ್ ಇಳಿಸಿ, ರಿಪೋರ್ಟ್ ಬೈಂಡ್ ಮಾಡಿಸಿದರೆ ಮುಗೀತು. ಇದರಿಂದ ಯಾರೂ ಏನೂ ಕಲಿಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ನಾವು ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ಓದಿದ ರೆಸೊನೆನ್ಸ್, ಕ್ಯೂ ಫ್ಯಾಕ್ಟರ್, ಮ್ಯೂಚುವಲ್ ಇಂಡಕ್ಟೆನ್ಸ್ ಇವೆಲ್ಲ ಎಲ್ಲಿಗೆ ಹೋಯಿತು? ಪರೀಕ್ಷೆಯ ಮರುದಿನ ಅದಕ್ಕೂ ನಮಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಇದ್ದೇವೆ.

ನನ್ನ ವಾದ ಇಷ್ಟೇ. ನಮ್ಮ ಕಾಲೇಜಿನ ಇಸಿ, ಇಇ ವಿದ್ಯಾರ್ಥಿಗಳು ಎಂಆರ್‌ಐ ಯಂತ್ರದ ಆರ್‌ಎಫ್ ಕಾಯಿಲ್ ವಿನ್ಯಾಸ ಮಾಡುವುದನ್ನು ಕಲಿಯಬೇಕು. ಕಾಲೇಜು ಅದಕ್ಕೊಂದು ಬೆಂಚು ಕೊಡಬೇಕು. ಕೇಳಲಿಕ್ಕೆ ದೊಡ್ಡ ಮಾತು ಅನ್ನಿಸಬಹುದು, ಎಂಆರ್‌ಐ ಅಂದರೆ ಕೋಟಿಗಟ್ಟಲೆಯ ಯಂತ್ರವಲ್ಲವೇ ಅಂತ. ಆದರೆ ಆ ಕೋಟಿಗಟ್ಟಲೆಯ ಯಂತ್ರದಲ್ಲಿ ಒಬ್ಬ ಎರಡನೇ ವರ್ಷದ ವಿದ್ಯಾರ್ಥಿಗೆ ಕೈಯಿಟ್ಟು ಅರ್ಥವಾಗುವ ಭಾಗ ಏನಾದರೂ ಇದ್ದರೆ ಅದು ಇದೇ. ಒಂದು ತಾಮ್ರದ ಬಳೆ, ಮತ್ತು ಕೆಲವು ಕೆಪಾಸಿಟರ್.

ಯಂತ್ರದೊಳಗೆ ಒಂದು ರೇಡಿಯೋ

ಎಂಆರ್‌ಐ ಹೇಗೆ ಕೆಲಸ ಮಾಡುತ್ತದೆ ಎಂದು ಎಲ್ಲರೂ ಒಂದೊಂದು ಯೂಟ್ಯೂಬ್ ವಿಡಿಯೋ ನೋಡಿರುತ್ತೀರಿ. ನಮ್ಮ ದೇಹದ ತುಂಬಾ ನೀರು, ನೀರಿನಲ್ಲಿ ಹೈಡ್ರೋಜನ್, ಹೈಡ್ರೋಜನ್ನಿನ ನಡುವೆ ಒಂದು ಪ್ರೋಟಾನ್. ದೊಡ್ಡ ಅಯಸ್ಕಾಂತದ ಒಳಗೆ ಇಟ್ಟರೆ ಈ ಪ್ರೋಟಾನ್‌ಗಳು ಬುಗುರಿ ವಾಲಾಡಿದ ಹಾಗೆ ಒಂದು ನಿರ್ದಿಷ್ಟ ಆವರ್ತನದಲ್ಲಿ ಸುತ್ತುತ್ತವೆ. ಲೆಕ್ಕ ಸುಲಭ: ಒಂದು ಟೆಸ್ಲಾಕ್ಕೆ 42.58 ಮೆಗಾಹರ್ಟ್ಸ್. ಹಾಗಾಗಿ 1.5 ಟೆಸ್ಲಾ ಯಂತ್ರದಲ್ಲಿ 63.87, 3 ಟೆಸ್ಲಾದಲ್ಲಿ 127.74 ಮೆಗಾಹರ್ಟ್ಸ್.

ಈ ಎರಡು ಸಂಖ್ಯೆಗಳನ್ನು ಒಮ್ಮೆ ನೋಡಿ. ನಾವು ಹಾಸ್ಟೆಲಿನಲ್ಲಿ ಕೇಳುವ ರೇಡಿಯೋ ಮಣಿಪಾಲ್ ಇರುವುದು 90.4ರಲ್ಲಿ, ಅಂದರೆ ಇವೆರಡರ ನಡುವೆ. 64ರ ಆಸುಪಾಸು ಹಿಂದೆ ಟೆರೇಸಿನ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಹಾಕಿ ಟಿವಿ ನೋಡುತ್ತಿದ್ದ ವಿಎಚ್‌ಎಫ್ ಬ್ಯಾಂಡು. 127ರ ಹತ್ತಿರ ಪೈಲಟ್‌ಗಳು ವಿಮಾನ ನಿಲ್ದಾಣದ ಜೊತೆ ಮಾತಾಡುವ ಬ್ಯಾಂಡು. ಅಂದರೆ ಎಂಆರ್‌ಐ ಅನ್ನುವುದು ಮೂಲದಲ್ಲಿ ಒಂದು ರೇಡಿಯೋ. ಸ್ಟೇಷನ್ ಇರುವುದು ರೋಗಿಯ ದೇಹದೊಳಗೆ, ಅಷ್ಟೇ ವ್ಯತ್ಯಾಸ. ಆ ಕೋಣೆಯ ಗೋಡೆಗೆಲ್ಲ ತಾಮ್ರದ ಹೊದಿಕೆ ಹಾಕಿರುವುದು ಹೊರಗಿನ ಸ್ಟೇಷನ್‌ಗಳು ಒಳಗೆ ಬರದಿರಲಿ ಅಂತ.

ಆದರೆ ಈ ಸ್ಟೇಷನ್ನಿನ ದನಿ ತುಂಬಾ ಸಣ್ಣದು. 1.5 ಟೆಸ್ಲಾದಂಥ ಕ್ಷೇತ್ರದಲ್ಲೂ ದೇಹದ ಉಷ್ಣತೆಯಲ್ಲಿ ಅಯಸ್ಕಾಂತದ ದಿಕ್ಕಿಗೆ ತಿರುಗಿದ ಪ್ರೋಟಾನ್‌ಗಳು ವಿರುದ್ಧ ದಿಕ್ಕಿನವಕ್ಕಿಂತ ಎಷ್ಟು ಹೆಚ್ಚು ಗೊತ್ತಾ? 10 ಲಕ್ಷದಲ್ಲಿ ಸುಮಾರು 5. ಈ ಐದು ಮಂದಿಯ ಪಿಸುಮಾತನ್ನೇ ಕೇಳಿಸಿಕೊಂಡು ಮೆದುಳಿನ ಚಿತ್ರ ಬಿಡಿಸಬೇಕು. ಕಳಿಸುವಾಗ ಕಿಲೋವ್ಯಾಟ್‌ಗಳಲ್ಲಿ ಕಳಿಸುತ್ತೇವೆ, ವಾಪಸ್ ಬರುವುದು ಮೈಕ್ರೋವೋಲ್ಟ್ ಮಟ್ಟದಲ್ಲಿ. ಆ ಪಿಸುಮಾತಿಗೆ ಕಿವಿಯಾಗಿ ಇರುವುದೇ ಆರ್‌ಎಫ್ ಕಾಯಿಲ್. ಅಯಸ್ಕಾಂತ ಎಷ್ಟೇ ಚೆನ್ನಾಗಿರಲಿ, ಸಾಫ್ಟ್‌ವೇರ್ ಎಷ್ಟೇ ಬುದ್ಧಿವಂತ ಇರಲಿ, ಕಿವಿಗೇ ಬೀಳದ ಮಾತನ್ನು ಆಮೇಲೆ ಯಾರೂ ತಂದುಕೊಡಲಾರರು. ಅನಲಾಗ್ ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ನೆನಪಿರಬಹುದು: ಮೊದಲ ಹಂತದಲ್ಲಿ ಸೇರಿದ ನಾಯ್ಸ್ ಕೊನೆಯವರೆಗೂ ಬಿಡುವುದಿಲ್ಲ.

33 ಪಿಕೋಫ್ಯಾರಡ್

ಈಗ ಲೆಕ್ಕ ಮಾಡೋಣ, ಕ್ಯಾಲ್ಕುಲೇಟರ್ ತೆಗೆಯಿರಿ. 8 ಸೆಂಟಿಮೀಟರ್ ವ್ಯಾಸದ ಒಂದು ಬಳೆ, ತಂತಿಯ ದಪ್ಪ 2 ಮಿಲಿಮೀಟರ್. ಪಠ್ಯಪುಸ್ತಕದ ಸೂತ್ರಕ್ಕೆ ಹಾಕಿದರೆ ಇಂಡಕ್ಟೆನ್ಸ್ ಸುಮಾರು 190 ನ್ಯಾನೋಹೆನ್ರಿ ಬರುತ್ತದೆ. ಇದು 63.87 ಮೆಗಾಹರ್ಟ್ಸ್‌ನಲ್ಲಿ ಮಿಡಿಯಬೇಕಾದರೆ ಬೇಕಾದ ಕೆಪಾಸಿಟರ್ ಸುಮಾರು 33 ಪಿಕೋಫ್ಯಾರಡ್. ಅಂಗಡಿಯಲ್ಲಿ ಹೆಸರು ಹೇಳಿ ಕೇಳಿದರೆ ಸಿಗುವ ಮೌಲ್ಯವೇ ಇದು. 3 ಟೆಸ್ಲಾಕ್ಕೆ ಆವರ್ತನ ಎರಡು ಪಟ್ಟು, ಹಾಗಾಗಿ ಕೆಪಾಸಿಟರ್ ನಾಲ್ಕನೇ ಒಂದು ಪಾಲು, 8 ಪಿಕೋಫ್ಯಾರಡ್. ಎರಡನೇ ವರ್ಷದ ವೈವಾದಲ್ಲಿ ಕೇಳುವ ಪ್ರಶ್ನೆ ಇದಕ್ಕಿಂತ ಕಷ್ಟ ಇರುತ್ತದೆ.

ಮಜಾ ಶುರುವಾಗುವುದು ಇಲ್ಲಿಂದ ಮುಂದೆ. ಒಂದೇ ಕೆಪಾಸಿಟರ್ ಹಾಕಿದರೆ ಅದರ ಎರಡು ತುದಿಗಳ ನಡುವೆ ವೋಲ್ಟೇಜ್ ಜಾಸ್ತಿ, ಅದರ ವಿದ್ಯುತ್ ಕ್ಷೇತ್ರ ಪಕ್ಕದಲ್ಲಿರುವ ಮೈಯೊಳಗೆ ನುಗ್ಗುತ್ತದೆ. ಅದಕ್ಕೆ ಬಳೆಯನ್ನು ನಾಲ್ಕು ಕಡೆ ಕತ್ತರಿಸಿ, ನಾಲ್ಕು ಕಡೆಗೂ ಸುಮಾರು 130 ಪಿಕೋಫ್ಯಾರಡ್‌ನ ಒಂದೊಂದು ಕೆಪಾಸಿಟರ್ ಬೆಸುಗೆ ಹಾಕುತ್ತಾರೆ. ಸರಣಿಯಲ್ಲಿ ಸೇರಿ ಮತ್ತೆ ಅದೇ 33. ವೋಲ್ಟೇಜ್ ಹಂಚಿಹೋಯಿತು.

ಇನ್ನೊಂದು. ಕಾಯಿಲನ್ನು ಗಾಳಿಯಲ್ಲಿ ಹಿಡಿದು ಅಳೆದರೆ ಕ್ಯೂ 250 ಇದೆ ಅಂತ ಇಟ್ಟುಕೊಳ್ಳಿ. ಅದೇ ಕಾಯಿಲನ್ನು ತೊಡೆಯ ಮೇಲೆ ಅಥವಾ ಉಪ್ಪುನೀರಿನ ಬಾಟಲಿಯ ಮೇಲೆ ಇಟ್ಟರೆ ಕ್ಯೂ 50ಕ್ಕೆ ಇಳಿಯುತ್ತದೆ. ನಮಗೆ ಕ್ಲಾಸಿನಲ್ಲಿ ಕ್ಯೂ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಹೇಳಿಕೊಟ್ಟಿದ್ದಾರೆ. ಇಲ್ಲಿ ಉಲ್ಟಾ: ಮೈಯ ಹತ್ತಿರ ಬಂದಾಗ ಕ್ಯೂ ಹೀಗೆ ಕುಸಿದರೆ ಡಿಸೈನರ್ ಖುಷಿಪಡುತ್ತಾನೆ. ಯಾಕೆಂದರೆ ನಷ್ಟದ ಬಹುಪಾಲು ದೇಹದ್ದು, ಕಾಯಿಲಿನದ್ದು ಸ್ವಲ್ಪವೇ ಅಂತ ಅರ್ಥ. 250 ಮತ್ತು 50ರ ಲೆಕ್ಕದಲ್ಲಿ, ಸಿಗಬಹುದಾದ ಗರಿಷ್ಠ ಸಿಗ್ನಲ್ ಟು ನಾಯ್ಸ್‌ನಲ್ಲಿ ಸುಮಾರು 89 ಶೇಕಡಾ ನಿಮ್ಮ ಕೈಗೆ ಬಂತು. ಉಳಿದ 11 ಶೇಕಡಾ ಮಾತ್ರ ನಿಮ್ಮ ಬೆಸುಗೆ, ನಿಮ್ಮ ತಾಮ್ರ, ನಿಮ್ಮ ಕೆಪಾಸಿಟರಿನ ತಪ್ಪು. ಒಂದೇ ಅಳತೆ, ಎರಡು ಸಲ, ಅದರಿಂದ ನಿಮ್ಮ ಕೆಲಸದ ಗುಣಮಟ್ಟ ಗೊತ್ತಾಗುತ್ತದೆ. ಇಷ್ಟು ನೇರವಾಗಿ ಮಾರ್ಕ್ಸ್ ಕೊಡುವ ಎಕ್ಸ್‌ಪೆರಿಮೆಂಟ್ ನಮ್ಮ ಲ್ಯಾಬ್ ಮ್ಯಾನುಅಲಿನಲ್ಲಿ ಇನ್ನೊಂದಿಲ್ಲ.

ಸಣ್ಣ ಬಳೆಗೆ ನಾಯ್ಸ್ ಕಡಿಮೆ, ಆದರೆ ಅದು ಆಳಕ್ಕೆ ನೋಡುವುದಿಲ್ಲ. ಬಳೆಯ ನಡುವಿನಿಂದ ಅದರ ತ್ರಿಜ್ಯದಷ್ಟು ಕೆಳಗೆ ಇಳಿದರೆ ಸಂವೇದನೆ 35 ಶೇಕಡಾಕ್ಕೆ ಬರುತ್ತದೆ. 8 ಸೆಂಟಿಮೀಟರಿನ ಬಳೆ 4 ಸೆಂಟಿಮೀಟರ್ ಆಳದಲ್ಲೇ ಮೂರನೇ ಒಂದಕ್ಕೆ ಕುಸಿಯಿತು. ಹಾಗಾದರೆ ಬೆನ್ನುಮೂಳೆ ನೋಡುವುದು ಹೇಗೆ? ಸಣ್ಣ ಬಳೆಗಳನ್ನೇ ಸಾಲಾಗಿ ಜೋಡಿಸಬೇಕು. ಜೋಡಿಸಿದರೆ ಒಂದು ಇನ್ನೊಂದರ ಜೊತೆ ಮಾತಾಡಲು ಶುರು ಮಾಡುತ್ತದೆ, ಎರಡರ ಟ್ಯೂನಿಂಗೂ ಕೆಡುತ್ತದೆ. ಇದಕ್ಕೆ 1990ರಲ್ಲಿ ಜಿಇ ಕಂಪನಿಯ ರೋಮರ್ ಮತ್ತು ಸಂಗಡಿಗರು ಕೊಟ್ಟ ಉಪಾಯ ನೋಡಿ: ಬಳೆಗಳನ್ನು ಸ್ವಲ್ಪ ಒಂದರ ಮೇಲೊಂದು ಬರುವಂತೆ ಇಡಿ. ಕೇಂದ್ರದಿಂದ ಕೇಂದ್ರಕ್ಕೆ ವ್ಯಾಸದ ಮುಕ್ಕಾಲು ಭಾಗ ದೂರ ಇದ್ದರೆ ಎರಡರ ನಡುವಿನ ಮ್ಯೂಚುವಲ್ ಇಂಡಕ್ಟೆನ್ಸ್ ಸೊನ್ನೆಯ ಹತ್ತಿರ ಬರುತ್ತದೆ. ನಮ್ಮ ಬಳೆಗೆ ಅದು 6 ಸೆಂಟಿಮೀಟರ್. ಎರಡು ಬಳೆ ಕೈಯಲ್ಲಿ ಹಿಡಿದು ಹತ್ತಿರ ತಂದು ದೂರ ಮಾಡುತ್ತಾ ಸ್ಕ್ರೀನ್ ನೋಡಿದರೆ ಒಂದು ಜಾಗದಲ್ಲಿ ಎರಡು ಶಿಖರ ಸೇರಿ ಒಂದಾಗುವುದು ಕಣ್ಣಿಗೇ ಕಾಣುತ್ತದೆ. ಇವತ್ತು ಆಸ್ಪತ್ರೆಗಳಲ್ಲಿರುವ 16, 32 ಚಾನೆಲ್ಲಿನ ಕಾಯಿಲ್‌ಗಳೆಲ್ಲ ಇದೇ ಉಪಾಯದ ಮಕ್ಕಳು ಮೊಮ್ಮಕ್ಕಳು.

ಇದಕ್ಕೂ ಮೊದಲು, 1985ರಲ್ಲಿ, ಅದೇ ಕಂಪನಿಯ ಸೆಸಿಲ್ ಹೇಯ್ಸ್ ತಂಡ ಹಕ್ಕಿಪಂಜರದ ಆಕಾರದ ಕಾಯಿಲ್ ಮಾಡಿತ್ತು. ಎರಡು ಉಂಗುರ, ಅವನ್ನು ಸೇರಿಸುವ ಸರಳುಗಳು, ನಡುನಡುವೆ ಕೆಪಾಸಿಟರ್. ಒಳಗಡೆ ಎಲ್ಲ ಕಡೆ ಒಂದೇ ಸಮನಾದ ಕ್ಷೇತ್ರ. ಯಾಕೆ ಪಂಜರ, ಸುಮ್ಮನೆ ತಲೆಯ ಸುತ್ತ ತಂತಿ ಸುತ್ತಿದರೆ ಆಗುವುದಿಲ್ಲವೇ? ಆಗುವುದಿಲ್ಲ. ಕಾಯಿಲಿನ ಕ್ಷೇತ್ರ ದೊಡ್ಡ ಅಯಸ್ಕಾಂತದ ಕ್ಷೇತ್ರಕ್ಕೆ ಲಂಬವಾಗಿ ಇರಬೇಕು. ಸುರಂಗದಂಥ ಯಂತ್ರದಲ್ಲಿ ದೊಡ್ಡ ಕ್ಷೇತ್ರ ತಲೆಯಿಂದ ಕಾಲಿಗೆ ಹೋಗುತ್ತದೆ, ತಲೆಗೆ ಸುತ್ತಿದ ತಂತಿಯದ್ದೂ ಅದೇ ದಿಕ್ಕು. ಪ್ರೋಟಾನಿಗೆ ಅದು ಕೇಳಿಸುವುದೇ ಇಲ್ಲ.

ಅಜ್ಜಿಯ ಬೆನ್ನು

ಇಷ್ಟೆಲ್ಲ ಓದಿದ ಮೇಲೂ ನನಗೆ ಇದು ಬರೀ ಸರ್ಕ್ಯೂಟಿನ ಆಸಕ್ತಿಯಾಗಿ ಉಳಿಯಲಿಲ್ಲ. ಕಾರಣ ಮನೆಯಲ್ಲಿದೆ.

ನಮ್ಮದು ಕೆಮ್ಮಣ್ಣು. ನಮ್ಮ ಕಡೆ ಒಂದು ತಲೆಮಾರಿನ ಹೆಂಗಸರು ಮಕ್ಕಳನ್ನು ಓದಿಸಿದ್ದೇ ಬೀಡಿ ಕಟ್ಟಿ. ನನ್ನ ಅಜ್ಜಿಯೂ ಹಾಗೆ. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ಬಗ್ಗಿ ಕೂತು, ನಲವತ್ತು ವರ್ಷ. ಈಗ ಬೆನ್ನು ಮೇಲಕ್ಕೆ ಬಾಗಿದೆ, ನೆಟ್ಟಗೆ ಮಲಗಿದರೆ ತಲೆ ಹಾಸಿಗೆಗೆ ತಾಗುವುದಿಲ್ಲ, ಎರಡು ದಿಂಬು ಬೇಕು. ಹೋದ ವರ್ಷ ತಲೆಸುತ್ತು ಅಂತ ಡಾಕ್ಟರು ಮೆದುಳಿನ ಎಂಆರ್‌ಐ ಬರೆದುಕೊಟ್ಟರು. ಯಾವ ಸೆಂಟರ್ ಅಂತ ಹೇಳುವ ಅಗತ್ಯವಿಲ್ಲ, ಅಲ್ಲಿನವರು ತುಂಬಾ ತಾಳ್ಮೆಯಿಂದಲೇ ನೋಡಿಕೊಂಡರು. ಆದರೆ ಹೆಡ್ ಕಾಯಿಲ್ ಅನ್ನುವುದು ಗಟ್ಟಿ ಪ್ಲಾಸ್ಟಿಕ್ಕಿನ ಹೆಲ್ಮೆಟ್ ಇದ್ದ ಹಾಗೆ. ಕೆಳಗಿನ ತೊಟ್ಟಿಯಲ್ಲಿ ತಲೆ ಇಡಬೇಕು, ಮೇಲಿನ ಮುಚ್ಚಳ ಮುಖದ ಮೇಲೆ ಬಂದು ಕೂರಬೇಕು. ಅಜ್ಜಿಯ ತಲೆ ತೊಟ್ಟಿಗೆ ಇಳಿಯಲೇ ಇಲ್ಲ. ಇಳಿಸಿದರೆ ಕುತ್ತಿಗೆ ನೋವು, ದಿಂಬು ಕೊಟ್ಟರೆ ಮುಚ್ಚಳ ಮೂಗಿಗೆ ತಾಗುತ್ತದೆ.

“ಅಮ್ಮ, ಸ್ವಲ್ಪ ತಲೆ ಹಿಂದೆ ಮಾಡ್ತೀರಾ?” ಅಂತ ಟೆಕ್ನೀಶಿಯನ್ ಮೂರು ಸಲ ಕೇಳಿದರು. ಅಜ್ಜಿ ತುಳುವಿನಲ್ಲಿ, ಈ ಬೆನ್ನು ಇನ್ನು ನೆಟ್ಟಗಾಗುವುದಿಲ್ಲ ಮಗಾ, ಅಂದರು. ಕೊನೆಗೆ ಹೊಟ್ಟೆಗೋ ಭುಜಕ್ಕೋ ಸುತ್ತುವ ಬೆಲ್ಟಿನಂಥ ಬೇರೆ ಕಾಯಿಲ್ ಹಾಕಿ ತೆಗೆದರು. ಚಿತ್ರ ಸ್ವಲ್ಪ ಮಂಕು ಬರುತ್ತದೆ ಎಂದು ಮೊದಲೇ ಹೇಳಿದ್ದರು, ರಿಪೋರ್ಟಿನಲ್ಲೂ ಹಾಗೇ ಬರೆದಿದ್ದರು. ಅದೃಷ್ಟಕ್ಕೆ ದೊಡ್ಡದೇನೂ ಇರಲಿಲ್ಲ. ಸಣ್ಣದು ಏನಾದರೂ ಇದ್ದಿದ್ದರೆ ಆ ಮಂಕು ಚಿತ್ರದಲ್ಲಿ ಕಾಣುತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆ ನನಗೆ ಉಳಿದುಬಿಟ್ಟಿದೆ.

ಆ ಯಂತ್ರದ ಅಯಸ್ಕಾಂತದಲ್ಲಿ ಏನೂ ಕೊರತೆ ಇರಲಿಲ್ಲ. ಸಾಫ್ಟ್‌ವೇರ್ ಚೆನ್ನಾಗಿತ್ತು. ಹೊಂದದೇ ಹೋದದ್ದು ಕಾಯಿಲಿನ ಆಕಾರ ಮಾತ್ರ. ಇಡೀ ಯಂತ್ರದಲ್ಲಿ ಮನುಷ್ಯನ ಮೈಗೆ ತಾಗುವ ಭಾಗ ಅದೊಂದೇ, ಅದನ್ನು ಮಾಡಿದವರು ಇಂಥ ಬೆನ್ನನ್ನು ನೋಡಿರಲಿಕ್ಕಿಲ್ಲ. ಕಂಬಳಿ ಹೊದಿಸಿದ ಹಾಗೆ ಮೈಗೆ ಕೂರುವ ಮೆತ್ತನೆಯ ಕಾಯಿಲ್‌ಗಳು ಈಗ ಬಂದಿವೆ, ಆದರೆ ಎಲ್ಲ ಕಡೆ ಇಲ್ಲ. ಒಂದೊಂದು ಕಾಯಿಲಿನ ಬೆಲೆಯೂ ಲಕ್ಷಗಳಲ್ಲಿ. ಬೀಡಿ ಕಟ್ಟಿದ ಬೆನ್ನು, ಗದ್ದೆಯಲ್ಲಿ ನಟ್ಟಿ ಮಾಡಿದ ಬೆನ್ನು, ಮಲ್ಪೆಯಲ್ಲಿ ಬುಟ್ಟಿ ಹೊತ್ತ ಕುತ್ತಿಗೆ ಇವುಗಳ ಅಳತೆ ಗೊತ್ತಿರುವವರು ನಾವು. ಹಾಗಿದ್ದ ಮೇಲೆ ಇದು ನಮ್ಮ ಸಮಸ್ಯೆ ಅಂತ ನಾವೇ ಅಂದುಕೊಳ್ಳದಿದ್ದರೆ ಇನ್ಯಾರು ಅಂದುಕೊಳ್ಳುತ್ತಾರೆ?

ಬೆಂಗಳೂರಿನಲ್ಲಿ ಆಗಿದ್ದು

ಎಂಆರ್‌ಐ ಎಲ್ಲ ಹೊರದೇಶದವರ ಕೆಲಸ, ನಮಗೆ ಆಗುವ ಹೋಗುವ ಮಾತಲ್ಲ ಅನ್ನುವವರಿಗೆ ಒಂದೆರಡು ವಿಷಯ ಹೇಳಬೇಕು.

ಬೆಂಗಳೂರಿನಲ್ಲಿ ವೋಕ್ಸೆಲ್‌ಗ್ರಿಡ್ಸ್ ಅಂತ ಒಂದು ಸ್ಟಾರ್ಟಪ್ ಇದೆ. ಅರ್ಜುನ್ ಅರುಣಾಚಲಂ ಅದನ್ನು ಕಟ್ಟಿದವರು. ಸ್ಕ್ಯಾನರನ್ನು ಬೇರಿನಿಂದಲೇ ಹೊಸದಾಗಿ ವಿನ್ಯಾಸ ಮಾಡಿ 1.5 ಟೆಸ್ಲಾದ ಯಂತ್ರ ಮಾಡಿದರು, ಅದೂ ದ್ರವ ಹೀಲಿಯಂ ಬೇಡದ ವಿನ್ಯಾಸ. ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆಯ ಬೆಂಬಲ ಇತ್ತು. 2021ರಲ್ಲಿ ಜೊಹೊ ಕಂಪನಿ 50 ಲಕ್ಷ ಡಾಲರ್ ಹೂಡಿತು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಜಿತೇಂದ್ರ ಸಿಂಗ್ ಅದನ್ನು ದೇಶದ ಮೊದಲ ಸ್ವದೇಶಿ ಎಂಆರ್‌ಐ ಸ್ಕ್ಯಾನರ್ ಎಂದು ಬಿಡುಗಡೆ ಮಾಡಿದರು. ಆಮೇಲೆ ಮಹಾರಾಷ್ಟ್ರದ ಚಂದ್ರಾಪುರದ ಕ್ಯಾನ್ಸರ್ ಆಸ್ಪತ್ರೆಗೆ ಒಂದು ಯಂತ್ರ ಹೋಯಿತು.

ಇನ್ನೊಂದು ಪ್ರಯತ್ನ ಸರ್ಕಾರದ್ದೇ. ಮುಂಬಯಿಯ ಸಮೀರ್ ಸಂಸ್ಥೆಯ ಮುಂದಾಳತ್ವದಲ್ಲಿ 1.5 ಟೆಸ್ಲಾ ಯಂತ್ರ. ಅದರ ಸೂಪರ್‌ಕಂಡಕ್ಟಿಂಗ್ ಅಯಸ್ಕಾಂತದ ಕೆಲಸ ದೆಹಲಿಯ ಐಯುಎಸಿಯದ್ದು, ಜೊತೆಗೆ ಸಿ-ಡ್ಯಾಕ್, ಮತ್ತು ಪಾಲುದಾರರ ಪಟ್ಟಿಯಲ್ಲಿ ಬೆಂಗಳೂರಿನ ದಯಾನಂದ ಸಾಗರ್ ಸಂಸ್ಥೆ. ಗಮನಿಸಿ, ಅದು ಇಂಜಿನಿಯರಿಂಗ್ ಕಾಲೇಜು ನಡೆಸುವ ಸಂಸ್ಥೆ. 2025ರ ಮಾರ್ಚ್‌ನಲ್ಲಿ ಈ ಯಂತ್ರವನ್ನು ಪರೀಕ್ಷೆಗೆ ಇಡುವುದಕ್ಕೆ ದೆಹಲಿಯ ಏಮ್ಸ್ ಜೊತೆ ಒಪ್ಪಂದವೂ ಆಯಿತು.

ಮೂರನೆಯದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ವೈದ್ಯಕೀಯ ಸಾಧನಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ 3,420 ಕೋಟಿ ರೂಪಾಯಿಯ ಪಿಎಲ್‌ಐ ಯೋಜನೆ ತಂದಿತು. ಆ ಯೋಜನೆಯಡಿ ದೇಶದಲ್ಲೇ ತಯಾರಿ ಶುರುವಾದ ಸಾಧನಗಳನ್ನು ಸರ್ಕಾರ ಹೆಸರಿಸುವಾಗ ಎಂಆರ್‌ಐ ಯಂತ್ರದ ಪಕ್ಕದಲ್ಲೇ ಎಂಆರ್‌ಐ ಕಾಯಿಲ್ ಅಂತ ಬೇರೆಯಾಗಿ ಬರೆದಿದೆ. ಅಂದರೆ ಕಾಯಿಲ್ ಅನ್ನುವುದು ಅದರಷ್ಟಕ್ಕೇ ಒಂದು ಉದ್ಯಮ. ಅದಕ್ಕೆ ಜನ ಬೇಕು. ಆ ಜನ ಎಲ್ಲಿಂದ ಬರಬೇಕು?

“ಮಾರಾಯ, ಜಾಬ್ ಸಿಗ್ತದಾ?”

ಈ ಲೇಖನದ ವಿಷಯ ಹೇಳಿದಾಗ ನನ್ನ ಬೆಂಚ್‌ಮೇಟ್ ಕೇಳಿದ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಸಾಲ ಮಾಡಿ ಫೀಸು ಕಟ್ಟಿದವರ ಹತ್ತಿರ ಪ್ಯಾಶನ್ ಫಾಲೋ ಮಾಡು ಅಂತ ಭಾಷಣ ಬಿಗಿಯುವುದು ತಪ್ಪು. ಕಾಯಿಲ್ ಮಾಡಿದವರನ್ನೆಲ್ಲ ಕಾಯಿಲ್ ಕಂಪನಿಯವರು ಬಂದು ಎತ್ತಿಕೊಂಡು ಹೋಗುತ್ತಾರೆ ಅಂತ ನಾನು ಹೇಳುವುದಿಲ್ಲ. ಆದರೆ ಮ್ಯಾಚಿಂಗ್ ನೆಟ್‌ವರ್ಕ್, ಲೋ ನಾಯ್ಸ್ ಆಂಪ್ಲಿಫೈಯರ್, ಪಿನ್ ಡಯೋಡ್ ಸ್ವಿಚ್, ಬಾಲನ್, ಕೇಬಲ್ಲಿನ ಮೇಲೆ ಹರಿಯುವ ಬೇಡದ ಕರೆಂಟ್ ಇವೆಲ್ಲ ಒಂದು ಕಾಯಿಲಿನಲ್ಲಿ ಒಟ್ಟಿಗೆ ಸಿಗುತ್ತವೆ. 5ಜಿ ಆಂಟೆನಾ ಮಾಡುವವರಿಗೂ, ರಡಾರ್ ಮಾಡುವವರಿಗೂ, ಚಾರ್ಜರ್ ಮಾಡುವವರಿಗೂ ಬೇಕಾದದ್ದು ಇದೇ ಕಸುಬು. ಸ್ಮಾರ್ಟ್ ಡಸ್ಟ್‌ಬಿನ್ ಬಗ್ಗೆ ಇಂಟರ್‌ವ್ಯೂನಲ್ಲಿ ಎರಡು ನಿಮಿಷಕ್ಕಿಂತ ಜಾಸ್ತಿ ಮಾತಾಡಲಿಕ್ಕೆ ಏನಿದೆ, ನೀವೇ ಹೇಳಿ.

ಎರಡನೇ ಆಕ್ಷೇಪ: ಸಾಮಾನು ದುಬಾರಿ. ನಿಜವಾದ ವೆಕ್ಟರ್ ನೆಟ್‌ವರ್ಕ್ ಅನಲೈಸರ್ ಲಕ್ಷಗಳ ಮಾತು, ಒಪ್ಪಿದೆ. ಆದರೆ ಈಗ ನ್ಯಾನೋವಿಎನ್‌ಎ ಅಂತ ಅಂಗೈಯಷ್ಟು ದೊಡ್ಡದು ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, 64 ಮೆಗಾಹರ್ಟ್ಸ್‌ಗೆ ಧಾರಾಳ ಸಾಕು. ತಾಮ್ರದ ಟೇಪು, ಟ್ರಿಮ್ಮರ್, ಕೇಬಲ್, ಕನೆಕ್ಟರ್, ಒಂದು ಬಾಟಲಿ ಉಪ್ಪುನೀರು. ನಾಲ್ಕು ಜನ ಸೇರಿ ಹಾಕಿದರೆ ಒಂದು ಟ್ರಿಪ್ಪಿಗೆ ಹೋಗುವ ದುಡ್ಡು.

ಮೂರನೆಯದು: ಆಸ್ಪತ್ರೆಯವರು ನಮ್ಮನ್ನು ಒಳಗೆ ಬಿಡುತ್ತಾರಾ? ಬಿಡಬಾರದು, ಅದೂ ಸರಿಯೇ. ಇಲ್ಲಿ ನಾನು ಸ್ಪಷ್ಟವಾಗಿ ಹೇಳಬೇಕು. ವಿದ್ಯಾರ್ಥಿ ಮಾಡಿದ ಕಾಯಿಲ್ ಯಾವ ಮನುಷ್ಯನ ಮೇಲೂ, ಯಾವ ಸ್ಕ್ಯಾನರಿನ ಒಳಗೂ ಹೋಗಬಾರದು. ಯಂತ್ರ ಕಿಲೋವ್ಯಾಟ್‌ಗಳಲ್ಲಿ ರೇಡಿಯೋ ಶಕ್ತಿ ಬಿಡುವಾಗ ನಮ್ಮ ಕಾಯಿಲ್ ಕಿವಿ ಮುಚ್ಚಿಕೊಳ್ಳಬೇಕು, ಅದಕ್ಕೇ ಪಿನ್ ಡಯೋಡ್ ಇರುವುದು. ಅದು ಕೈಕೊಟ್ಟರೆ ಕಾಯಿಲ್ ಕಾದು ಚರ್ಮ ಸುಡುತ್ತದೆ. ಇಡೀ ದೇಹಕ್ಕೆ ಸಾಮಾನ್ಯ ಸ್ಥಿತಿಯಲ್ಲಿ ಕಿಲೋಗೆ 2 ವ್ಯಾಟ್, ತಲೆಗೆ 3.2 ವ್ಯಾಟ್ ಎಂಬ ಅಂತರರಾಷ್ಟ್ರೀಯ ಮಿತಿಗಳು ಸುಮ್ಮನೆ ಬಂದದ್ದಲ್ಲ. ನಮ್ಮ ದೇಶದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳೂ ಇವೆ. ಆದರೆ ಬೆಂಚಿನ ಮೇಲೆ, ನ್ಯಾನೋವಿಎನ್‌ಎಯ ಚೂರು ಪವರಿನಲ್ಲಿ, ಬಾಟಲಿಯ ಮೇಲೆ ಅಳೆಯಲು ಯಾರ ಅಪ್ಪಣೆಯೂ ಬೇಡ. ಬರೀ ಬಾಟಲಿ ನೀರಾ ಅಂತ ನಗುವವರಿಗೆ ಒಂದು ಮಾತು: 1973ರಲ್ಲಿ ಪಾಲ್ ಲಾಟರ್‌ಬರ್ ಪ್ರಕಟಿಸಿದ ಮೊದಲ ಚಿತ್ರವೂ ಎರಡು ಪುಟ್ಟ ಕೊಳವೆಗಳಲ್ಲಿದ್ದ ನೀರಿನದ್ದೇ. 2003ರಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಜೊತೆ ಅವರಿಗೆ ನೊಬೆಲ್ ಬಂತು.

ಅಯಸ್ಕಾಂತವೇ ಇಲ್ಲದೆ ಸಿಗ್ನಲ್ ಹೇಗೆ ನೋಡುವುದು ಅಂದರೆ ಅದಕ್ಕೂ ದಾರಿ ಇದೆ. ಭೂಮಿಯೇ ಅಯಸ್ಕಾಂತ. ನಮ್ಮ ಕಡೆ ಅದರ ಬಲ ಸುಮಾರು 40 ಮೈಕ್ರೋಟೆಸ್ಲಾ, ಪ್ರೋಟಾನ್ ಆವರ್ತನ ಸುಮಾರು 1.7 ಕಿಲೋಹರ್ಟ್ಸ್. ಕಿವಿಗೆ ಕೇಳಿಸುವ ಶ್ರುತಿ! ನೀರಿನ ಬಾಟಲಿಗೆ ತಂತಿ ಸುತ್ತಿ, ಕೆಲವು ಸೆಕೆಂಡು ಕರೆಂಟ್ ಹರಿಸಿ ನಿಲ್ಲಿಸಿದರೆ ಆ ಶ್ರುತಿಯನ್ನು ಆಂಪ್ಲಿಫೈಯರಿನಲ್ಲಿ ಹಿಡಿಯಬಹುದು. ನೆಲದೊಳಗಿನ ಕಬ್ಬಿಣ ಹುಡುಕುವ ಪ್ರೋಟಾನ್ ಮ್ಯಾಗ್ನೆಟೋಮೀಟರ್ ಕೆಲಸ ಮಾಡುವುದು ಹೀಗೆಯೇ. ಕರೆಂಟ್ ಲೈನಿನ 50 ಹರ್ಟ್ಸ್ ಮತ್ತು ಅದರ ಮರಿಗಳು ಇದರ ದೊಡ್ಡ ಶತ್ರು, ಹಾಗಾಗಿ ಲ್ಯಾಬಿನಲ್ಲಿ ಆಗುವುದಿಲ್ಲ, ಬಯಲಿಗೆ ಹೋಗಬೇಕು. ಜಾಗ ನಾನು ತೋರಿಸುತ್ತೇನೆ, ಹೂಡೆ ಕಡಲ ದಂಡೆಯಲ್ಲಿ ತಂತಿ ಕಂಬಗಳಿಂದ ದೂರ ಬೇಕಾದಷ್ಟು ಮರಳಿದೆ. ತಿಮ್ಮಣ್ಣ ಕುದ್ರುವಿನ ತೂಗುಸೇತುವೆಯ ಹತ್ತಿರ ಮಾತ್ರ ಬೇಡ. ಫೋಟೋಕ್ಕೆ ಚಂದ, ಆದರೆ ಕಬ್ಬಿಣದ ಹಗ್ಗ ಜಾಸ್ತಿ.

ಇದಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋದರೆ ಲೋ ಫೀಲ್ಡ್ ಎಂಆರ್‌ಐ ಇದೆ. ಶಾಶ್ವತ ಅಯಸ್ಕಾಂತದ ತುಂಡುಗಳನ್ನು ಉಂಗುರಗಳಾಗಿ ಜೋಡಿಸಿ ಸುಮಾರು 50 ಮಿಲಿಟೆಸ್ಲಾ ಮಾಡುತ್ತಾರೆ. ನೆದರ್ಲ್ಯಾಂಡ್ಸಿನ ಲೈಡನ್ ತಂಡದ ವಿನ್ಯಾಸದ ಇಂಥ ಒಂದು ಯಂತ್ರವನ್ನು ಉಗಾಂಡಾದ ಎಂಬರಾರಾ ವಿಶ್ವವಿದ್ಯಾಲಯದಲ್ಲೇ, ಅಲ್ಲಿನವರ ಜೊತೆ ಸೇರಿ, 11 ದಿನದಲ್ಲಿ ಜೋಡಿಸಿದರು. ತಲೆಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆಯ ಮಕ್ಕಳಿಗಾಗಿ. ಅಲ್ಲಿ ದೊಡ್ಡ ಕ್ಷೇತ್ರ ಅಡ್ಡಕ್ಕೆ ಹೋಗುತ್ತದೆ, ಹಾಗಾಗಿ ಮೇಲೆ ಆಗುವುದಿಲ್ಲ ಅಂದಿದ್ದೆನಲ್ಲ, ತಲೆಯ ಸುತ್ತ ತಂತಿ ಸುತ್ತುವ ಉಪಾಯ, ಅದೇ ಇಲ್ಲಿ ನಡೆಯುತ್ತದೆ. ಆವರ್ತನ 2.13 ಮೆಗಾಹರ್ಟ್ಸ್. ಬ್ರಹ್ಮಾವರದ ಟ್ರಾನ್ಸ್‌ಮಿಟರಿನಿಂದ ಬರುತ್ತಿದ್ದ ಆಕಾಶವಾಣಿ ಮಂಗಳೂರು 1089 ಕಿಲೋಹರ್ಟ್ಸ್, ಅದರ ಎರಡು ಪಟ್ಟಿಗಿಂತ ಚೂರು ಕಮ್ಮಿ, ಅಷ್ಟೇ. ಅಜ್ಜನ ಕಾಲದ ಮರ್ಫಿ ರೇಡಿಯೋ ರಿಪೇರಿ ಮಾಡುತ್ತಿದ್ದವರಿಗೆ ಗ್ಯಾಂಗ್ ಕಂಡೆನ್ಸರ್ ತಿರುಗಿಸಿ ಸ್ಟೇಷನ್ ಕೂರಿಸುವುದು ಗೊತ್ತಿತ್ತು. ಉಗಾಂಡಾದಲ್ಲಿ ಬೇಕಾದದ್ದು ಅದೇ ಕೈಚಳಕ, ಇನ್ನಷ್ಟು ಜಾಗ್ರತೆಯಲ್ಲಿ.

ಕನ್ನಡ ಸಂಘಕ್ಕೂ ಇದಕ್ಕೂ ಏನು ಸಂಬಂಧ?

ಸಂಪಾದಕರು ಕೇಳಿದ್ದರು. ಸಂಬಂಧ ಇದೆ. ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ, ಇಂಡಕ್ಟೆನ್ಸಿಗೆ ಕನ್ನಡದಲ್ಲಿ ಪ್ರೇರಕತ್ವ ಅನ್ನಬೇಕು ಅಂತ ಹಟ ನನಗಿಲ್ಲ. ಕಾಯಿಲನ್ನು ಕಾಯಿಲ್ ಅಂತಲೇ ಕರೆಯೋಣ. ಆದರೆ ಸ್ಕ್ಯಾನಿಗೆ ಮಲಗುವವರಿಗೆ ಕೈ ಕಟ್ಟಿಕೊಳ್ಳಬೇಡಿ, ಕಾಲ ಮೇಲೆ ಕಾಲು ಹಾಕಬೇಡಿ ಅಂತ ಹೇಳುತ್ತಾರೆ, ಯಾಕೆ ಅಂತ ಹೆಚ್ಚಾಗಿ ಯಾರೂ ಹೇಳುವುದಿಲ್ಲ. ಎರಡು ಕೈ ತಾಗಿದರೆ ತೋಳು, ಎದೆ, ತೋಳು ಸೇರಿ ಒಂದು ಬಳೆಯಾಗುತ್ತದೆ. ರೇಡಿಯೋ ಅಲೆ ಆ ಬಳೆಯಲ್ಲೂ ಕರೆಂಟ್ ಹರಿಸುತ್ತದೆ, ಚರ್ಮ ತಾಗಿದ ಜಾಗದಲ್ಲಿ ಸುಡಬಹುದು. ಇದು ನಮ್ಮ ಫ್ಯಾರಡೇ ನಿಯಮವೇ. ಇಷ್ಟನ್ನು ನನ್ನ ಅಜ್ಜಿಗೆ ಅರ್ಥವಾಗುವ ಭಾಷೆಯಲ್ಲಿ, ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿ, ಬ್ಯಾರಿಯಲ್ಲೋ, ಒಂದು ಪುಟದಲ್ಲಿ ಬರೆದು ಚಿತ್ರ ಹಾಕಿ ಕೊಡುವ ಕೆಲಸ ಕನ್ನಡ ಸಂಘ ಮಾಡಬಹುದು. ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವ ಉಮೇದಿನ ಅರ್ಧ ಸಾಕು.

ಕಾಲೇಜಿನ ಹತ್ತಿರ ನಾನು ಕೇಳುವುದು ದೊಡ್ಡದೇನಲ್ಲ. ಇಲೆಕ್ಟ್ರಾನಿಕ್ಸ್ ಲ್ಯಾಬಿನ ಹಿಂದೆ ಹಳೆಯ ಸಿಆರ್‌ಓಗಳು ಧೂಳು ತಿನ್ನುತ್ತಿರುವ ಮೂಲೆ ಇದೆಯಲ್ಲ, ಆ ಬೆಂಚು. ಎರಡು ನ್ಯಾನೋವಿಎನ್‌ಎ. ಸೀನಿಯರ್‌ಗಳ ಮೈಕ್ರೋವೇವ್ ಲ್ಯಾಬಿನ ಸರ್ ವಾರಕ್ಕೆ ಒಂದು ಗಂಟೆ ಬಂದು ನೋಡಿದರೆ ಸಾಕು. ಆಸ್ಪತ್ರೆಗಳ ಬಯೋಮೆಡಿಕಲ್ ವಿಭಾಗದಲ್ಲಿ ಕೆಟ್ಟು ಮೂಲೆ ಸೇರಿದ ಕಾಯಿಲ್ ಇದ್ದರೆ ಬಿಚ್ಚಿ ನೋಡಲು ಕೇಳಿ ತರುವ ಪತ್ರಕ್ಕೆ ಪ್ರಿನ್ಸಿಪಾಲರ ಒಂದು ಸಹಿ. ಮಣಿಪಾಲ, ಉಡುಪಿ ಎಲ್ಲ ಬಸ್ಸಿನ ದೂರ, ದೇಶದ ಎಷ್ಟೋ ಇಂಜಿನಿಯರಿಂಗ್ ಕಾಲೇಜುಗಳಿಗೆ ಈ ಅನುಕೂಲ ಇಲ್ಲ.

ಮೊದಲ ಸೆಮಿಸ್ಟರಿಗೆ ಕೆಲಸ ಹೀಗಿರಲಿ: ಒಂದು ಬಳೆ ಮಾಡಿ 63.87ಕ್ಕೆ ಕೂರಿಸುವುದು, 50 ಓಮ್‌ಗೆ ಮ್ಯಾಚ್ ಮಾಡುವುದು, ಗಾಳಿಯಲ್ಲೂ ಬಾಟಲಿಯ ಮೇಲೂ ಕ್ಯೂ ಅಳೆಯುವುದು. ಎರಡನೇ ಸೆಮಿಸ್ಟರಿಗೆ ಎರಡು ಬಳೆ, ಆಮೇಲೆ ನಾಲ್ಕು. ಅದರ ಮುಂದಿನ ವರ್ಷ, ಬಾಗಿದ ಬೆನ್ನಿನವರು ದಿಂಬಿಟ್ಟು ಮಲಗಿದರೂ ತಲೆಗೆ ಸರಿಯಾಗಿ ಕೂರುವ ಒಂದು ಚೌಕಟ್ಟು, ಥರ್ಮೋಕೋಲಿನಲ್ಲಿ ಆದರೂ ಸರಿ, ಅಳತೆಗೆ. ಆ ಅಳತೆ ಕೊಡಲು ನನ್ನ ಅಜ್ಜಿ ಒಪ್ಪಿದ್ದಾರೆ, ಸ್ಕ್ಯಾನ್ ಗೀನ್ ಮಾತ್ರ ಬೇಡ ಅನ್ನುವ ಷರತ್ತಿನ ಮೇಲೆ. ಆಸಕ್ತಿ ಇರುವವರು ಶುಕ್ರವಾರ ಸಂಜೆ ಸಂಘದ ಮೀಟಿಂಗ್ ಮುಗಿದ ಮೇಲೆ ಉಳಿಯಿರಿ. ಬ್ರಾಂಚ್ ಯಾವುದಾದರೂ ಅಡ್ಡಿಯಿಲ್ಲ, ಬೆಸುಗೆ ಹಾಕಲು ಬಂದರೆ ಒಳ್ಳೆಯದು, ಬರದಿದ್ದರೆ ಕಲಿಯೋಣ.